ಫುಲ್‌ಗೆ ಮೊದಲು ಒಂದು ಹಾಫ್: ಕಾರವಾರ, ಶಿರಸಿ ಕಡೆಯ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಫುಲ್ ಮ್ಯಾರಥಾನ್‌ಗೆ, ಅಂದರೆ 42.195 ಕಿ.ಮೀ.ಗೆ ತಯಾರಾಗುತ್ತಿರುವವರು ನಡುವೆ ಒಂದು ಹಾಫ್, ಅಂದರೆ ಅದರ ಅರ್ಧ, ಸುಮಾರು 21.1 ಕಿ.ಮೀ. ಓಡುವ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಬೆಂಗಳೂರಿನ ಹವೆ ನೋಡಿ ಬರೆದ ತರಬೇತಿ ಪಟ್ಟಿಗಳಲ್ಲಿ ಕರಾವಳಿಯ ಸೆಕೆಗೂ ಶಿರಸಿ ರಸ್ತೆಯ ಏರಿಳಿತಕ್ಕೂ ನಾಲ್ಕು ತಿಂಗಳ ಮಳೆಗೂ ಜಾಗವೇ ಇರುವುದಿಲ್ಲ. ವಾರಕ್ಕೆ ನಾಲ್ಕು ದಿನ ಓಡುವ, ಒಂದೇ ಓಟದಲ್ಲಿ 16 ಕಿ.ಮೀ. ಮುಗಿಸಬಲ್ಲವರಿಗಾಗಿ ಇದನ್ನು ಬರೆದಿದ್ದೇವೆ. ಅಷ್ಟು ಆಗದವರು ಇನ್ನೆರಡು ತಿಂಗಳು ಅಡಿಪಾಯ ಹಾಕಿಕೊಂಡು ಬಂದರೆ ಒಳ್ಳೆಯದು.

ಫುಲ್ ಓಡುವ ಮುಂಚೆ ಹಾಫ್ ಓಡಲೇಬೇಕೇ?

ಓಡಲೇಬೇಕೆಂದೇನಿಲ್ಲ. ಆದರೆ ಭಾನುವಾರದ ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಕಲಿಸದ ಕೆಲವು ಸಂಗತಿಗಳನ್ನು ಹಾಫ್ ಕಲಿಸುತ್ತದೆ. ಬೆಳಗಿನ ಮೂರು ಗಂಟೆಗೆ ಎದ್ದು ತಿಂದರೆ ಹೊಟ್ಟೆ ಏನು ಹೇಳುತ್ತದೆ, ಸಾವಿರ ಜನ ಒಟ್ಟಿಗೆ ಹೊರಟಾಗ ಮೊದಲ ಎರಡು ಕಿ.ಮೀ. ಕಾಲು ಎಷ್ಟು ಹುಚ್ಚೆದ್ದು ಓಡುತ್ತದೆ, ಓಡುತ್ತಲೇ ಕಾಗದದ ಲೋಟದಿಂದ ನೀರು ಕುಡಿಯುವುದು ಹೇಗೆ ಎಂಬುದೆಲ್ಲ ಅಲ್ಲೇ ತಿಳಿಯಬೇಕು. ಅದಕ್ಕಿಂತ ಮುಖ್ಯವಾಗಿ, ಫುಲ್‌ಗೆ ಯಾವ ಪೇಸ್, ಅಂದರೆ ಒಂದು ಕಿ.ಮೀ.ಗೆ ಎಷ್ಟು ನಿಮಿಷ, ಹಿಡಿಯಬಹುದೆಂಬ ಅಂದಾಜು ಸಿಗುತ್ತದೆ.

ಹಾಫ್ ಹೇಳದೇ ಬಿಡುವ ಸಂಗತಿಯೂ ಒಂದಿದೆ, 30 ದಾಟಿದ ಮೇಲೆ ಏನಾಗುತ್ತದೆ ಎನ್ನುವುದು. ಲೆಕ್ಕ ಸುಲಭ. ಓಡುವಾಗ ಒಂದು ಕಿಲೋ ದೇಹತೂಕಕ್ಕೆ ಒಂದು ಕಿ.ಮೀ.ಗೆ ಸುಮಾರು 1 ಕಿಲೋ ಕ್ಯಾಲೊರಿ ಖರ್ಚು. 60 ಕೆ.ಜಿ. ತೂಕದವರಿಗೆ ಹಾಫ್‌ಗೆ 1270ರ ಹತ್ತಿರ, ಫುಲ್‌ಗೆ 2530ರ ಹತ್ತಿರ ಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟಿರುವುದು ಸುಮಾರು 1600ರಿಂದ 2000. ಕೊಬ್ಬೂ ಜೊತೆಗೆ ಉರಿಯುವುದರಿಂದ ಲೆಕ್ಕ ಇಷ್ಟು ನೇರವಲ್ಲ, ಆದರೂ ಬಹಳ ಜನರಿಗೆ 32ನೇ ಕಿ.ಮೀ. ಆಸುಪಾಸಿನಲ್ಲಿ ಕಾಲು ಕಲ್ಲಾಗುವುದು ಇದೇ ಕಾರಣಕ್ಕೆ. ಹಾಫ್‌ನಲ್ಲಿ ಡಬ್ಬಿ ಖಾಲಿಯಾಗುವ ಮೊದಲೇ ಗೆರೆ ದಾಟಿರುತ್ತೀರಿ. ಹಾಗಾಗಿ ಹಾಫ್ ಚೆನ್ನಾಗಿ ಹೋಯಿತೆಂದು ಲಾಂಗ್ ರನ್ ಕಡಿಮೆ ಮಾಡಿದವರು ಫುಲ್‌ನಲ್ಲಿ ನಡೆದು ಬರುತ್ತಾರೆ.

ಎಷ್ಟು ವಾರ ಮೊದಲು ಇಟ್ಟುಕೊಳ್ಳಬೇಕು?

ಪೂರಾ ದಮ್ಮು ಹಾಕಿ ಓಡುವುದಾದರೆ 4ರಿಂದ 6 ವಾರ ಮೊದಲು. ನಮ್ಮ ಆಯ್ಕೆ 5. ತಡೆದು ಓಡುವುದಾದರೆ 3 ವಾರ ಇದ್ದರೂ ನಡೆದೀತು. ಎರಡೇ ವಾರ ಉಳಿದಿದ್ದರೆ ಹಾಫ್‌ನ ಬಿಬ್ (ಎದೆಗೆ ಕಟ್ಟುವ ನಂಬರ್ ಚೀಟಿ) ಯಾರಿಗಾದರೂ ತೋರಿಸಲು ಇಟ್ಟುಕೊಳ್ಳಿ, ಓಡಬೇಡಿ.

ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ಬರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಎರಡನೇ ವಾರ. ನಮ್ಮ ಜಿಲ್ಲೆಗೆ ಇದು ಹೇಳಿ ಮಾಡಿಸಿದ ಕಾಲ. ಮಳೆ ಹೋಗಿರುತ್ತದೆ, ಕಾರವಾರದಲ್ಲೂ ನಸುಕಿನಲ್ಲಿ ಉಸಿರಾಡುವಷ್ಟು ತಂಪಿರುತ್ತದೆ, ಗೋವಾ ಗಡಿ ಕಾರವಾರದಿಂದ ಅರ್ಧ ಗಂಟೆಯ ದಾರಿ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನ ಫುಲ್ ಹಿಡಿದವರಿಗೆ ಕಷ್ಟ, ಏಕೆಂದರೆ ತಯಾರಿಯೆಲ್ಲ ಮಳೆಯಲ್ಲೇ ಆಗಬೇಕು.

ದಮ್ಮು ಕಟ್ಟಿ ಓಡಬೇಕೋ, ತಡೆದು ಓಡಬೇಕೋ?

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಹೊರಡುವಾಗ "ಸುಮ್ಮನೆ ತರಬೇತಿಗೆ" ಅನ್ನುತ್ತಾರೆ, ಬಿಬ್ ಕಟ್ಟಿದ ಮೇಲೆ ಮಾತು ಮರೆಯುತ್ತದೆ. ಮನೆಯಲ್ಲೇ ಒಂದು ಬಗೆ ನಿರ್ಧರಿಸಿ, ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋಗಿ.

ಮೊದಲ ಬಗೆ, ಪೂರ್ಣ ಸ್ಪರ್ಧೆ. ಹಿಂದಿನ ನಾಲ್ಕೈದು ದಿನ ಓಟ ಅರ್ಧಕ್ಕೆ ಇಳಿಸಿ, ಅಂದು 10 ನಿಮಿಷ ನಿಧಾನ ಓಡಿ ಮೈ ಬಿಸಿ ಮಾಡಿಕೊಂಡು ನಿಮ್ಮ ಕೈಲಾಗುವ ಅತ್ಯುತ್ತಮ ಸಮಯಕ್ಕೆ ಓಡುವುದು. ಫುಲ್‌ನ ಗುರಿ ಏನಿರಬೇಕೆಂದು ಗೊತ್ತಿಲ್ಲದವರಿಗೆ ಇದೇ ಸರಿ. ಇದರ ಬೆಲೆ ಎಂದರೆ ಮುಂದಿನ 7ರಿಂದ 10 ದಿನ ಜೋರಿನ ಓಟ ಬಂದ್.

ಎರಡನೆಯದು, ಫುಲ್‌ನ ಪೇಸ್‌ನಲ್ಲಿ ಇಡೀ ಹಾಫ್. ಗುರಿ ಈಗಾಗಲೇ ಖಚಿತವಾಗಿದ್ದರೆ ಇದಕ್ಕಿಂತ ಒಳ್ಳೆಯ ಕಸರತ್ತು ಇನ್ನೊಂದಿಲ್ಲ. ಫುಲ್ 4 ಗಂಟೆ 24 ನಿಮಿಷಕ್ಕೆ ಎಂದಿಟ್ಟುಕೊಳ್ಳಿ, ಪೇಸ್ ಕಿ.ಮೀ.ಗೆ 6:15. ಆಗ 5 ಕಿ.ಮೀ.ಗೆ 31:15, 10ಕ್ಕೆ 1:02:30, 15ಕ್ಕೆ 1:33:45, 20ಕ್ಕೆ 2:05:00, ಕೊನೆಗೆ 2:12ರ ಒಳಗೊಳಗೆ. ಓಟಕ್ಕೆ ಮೊದಲು 2 ಕಿ.ಮೀ., ಪದಕ ಹಾಕಿಸಿಕೊಂಡ ಮೇಲೆ 5 ಕಿ.ಮೀ. ನಿಧಾನವಾಗಿ ಸೇರಿಸಿದರೆ ಒಟ್ಟು 28 ಆಯಿತು. ಉಪ್ಪಿಟ್ಟಿನ ಸಾಲು ಬಿಟ್ಟು ಆ ಕೊನೆಯ 5ಕ್ಕೆ ಹೊರಡುವುದೇ ಇಲ್ಲಿನ ನಿಜವಾದ ಪರೀಕ್ಷೆ. ಗೆರೆ ದಾಟಿದಾಗ "ಇನ್ನೂ ಓಡಬಹುದಿತ್ತು" ಅನ್ನಿಸಬೇಕು. ಅನ್ನಿಸದಿದ್ದರೆ ಆ ಪೇಸ್ ನಿಮ್ಮದಲ್ಲ.

ಮೂರನೆಯದು, ಏರಿಸುತ್ತ ಹೋಗುವುದು. ಮೊದಲ 8 ಆರಾಮವಾಗಿ, ನಡುವಿನ 8 ಫುಲ್ ಪೇಸ್‌ನಲ್ಲಿ, ಉಳಿದ 5 ಅದಕ್ಕಿಂತ 10ರಿಂದ 15 ಸೆಕೆಂಡ್ ಜೋರಾಗಿ. ಶುರುವಿನಲ್ಲೇ ಓಡಿ ಕೊನೆಗೆ ಸೋಲುವ ಚಾಳಿ ಇರುವವರಿಗೆ ಇದೇ ಔಷಧ. ಮೊದಲ 8ರಲ್ಲಿ ಎಲ್ಲರೂ ದಾಟಿ ಹೋಗುತ್ತಾರೆ. ಹೋಗಲಿ ಬಿಡಿ, 17ರ ನಂತರ ಅವರಲ್ಲಿ ಅರ್ಧ ಜನ ಮತ್ತೆ ಸಿಗುತ್ತಾರೆ.

ಹಾಫ್ ಸಮಯ ನೋಡಿ ಫುಲ್ ಸಮಯ ಹೇಗೆ ಲೆಕ್ಕ ಹಾಕುವುದು?

ಇಮ್ಮಡಿ ಮಾಡಿ 10 ನಿಮಿಷ ಸೇರಿಸಿ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಪೀಟರ್ ರೀಗಲ್ 1977ರಲ್ಲಿ ಮುಂದಿಟ್ಟ ಸೂತ್ರದಲ್ಲೂ ದೂರ ಎರಡು ಪಟ್ಟಾದರೆ ಸಮಯ 2.085 ಪಟ್ಟು. 2 ಗಂಟೆಯ ಹಾಫ್‌ಗೆ ಅದು 4:10 ಕೊಡುತ್ತದೆ. ವಾರಕ್ಕೆ 70–80 ಕಿ.ಮೀ. ಓಡುವವರಿಗೆ ಇದು ಹೊಂದುತ್ತದೆ. ನೌಕರಿ, ತೋಟ, ಅಂಗಡಿ ನೋಡಿಕೊಂಡು ವಾರಕ್ಕೆ 40–50 ಓಡುವವರು, ಅದರಲ್ಲೂ ಮೊದಲ ಫುಲ್ ಆಗಿದ್ದರೆ, 2.2ರಿಂದ ಗುಣಿಸಿ. 1:45ಕ್ಕೆ 3:51, 2:00ಕ್ಕೆ 4:24, 2:30ಕ್ಕೆ 5:30. ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ, ಆದರೆ 4:10ರ ಪೇಸ್ 5:56, 4:24ರದ್ದು 6:15. ಕಿ.ಮೀ.ಗೆ 19 ಸೆಕೆಂಡ್ ಹೆಚ್ಚಿಗೆ ಸಾಲ ಮಾಡಿದರೆ 32ರ ಮೇಲೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಹಾಫ್ ಓಡಿದ ಹವೆಯನ್ನೂ ನೋಡಿ. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಬಂದ ಸಮಯವನ್ನು ಮುಂಬೈಯ ಸಮುದ್ರಗಾಳಿಗೆ ಹಾಗೇ ಹಚ್ಚಲಾಗದು.

ಹತ್ತಿರದಲ್ಲಿ ಸ್ಪರ್ಧೆಯೇ ಇಲ್ಲ. ಒಬ್ಬರೇ ಓಡಿದರೆ ಆಗದೇ?

ಧಾರಾಳವಾಗಿ ಆಗುತ್ತದೆ. ಎರಡನೇ ಅಥವಾ ಮೂರನೇ ಬಗೆಯಲ್ಲಿ ಓಡಿ. ಒಬ್ಬರೇ ಇದ್ದಾಗ ಪೂರ್ಣ ದಮ್ಮಿನ ಓಟ ಅಷ್ಟಾಗಿ ಕೂಡುವುದಿಲ್ಲ.

ಶಿರಸಿಯವರಿಗೆ ಬನವಾಸಿ ರಸ್ತೆಯೇ ಇದೆ. ದೂರ ಇಪ್ಪತ್ಮೂರು ಕಿ.ಮೀ. ಆಚೀಚೆ. ಊರಿನ ಗಲಾಟೆ ದಾಟಿ ಓಟ ಶುರುಮಾಡಿದರೆ ಮಧುಕೇಶ್ವರ ದೇವಸ್ಥಾನದ ಹತ್ತಿರಕ್ಕೆ ಹಾಫ್ ಮುಗಿಯುತ್ತದೆ, ವಾಪಸ್ ಬರಲು ಬಸ್ಸಿದೆ. ಬದಲಿ ಅಂಗಿ, ಟವೆಲ್, ಬಸ್ ಚಾರ್ಜು ಮೊದಲೇ ಯಾರ ಕೈಯಲ್ಲಾದರೂ ಕಳಿಸಿರಿ. ಒದ್ದೆ ಮೈಯಲ್ಲಿ ಕಿಟಕಿ ಪಕ್ಕ ಕುಳಿತರೆ ನೆಗಡಿಗಿಂತ ಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ.

ಕಾರವಾರದವರು ಹೆದ್ದಾರಿ 66ರ ಮೋಹ ಬಿಡುವುದು ವಾಸಿ. ಅಂಕೋಲಾ ಕಡೆಗೆ ಬಿಣಗಾ ಹತ್ತಿರ ಸುರಂಗ, ಗೋವಾ ಕಡೆಗೆ ಕಾಳಿ ಸೇತುವೆ. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಾಗಿನಿಂದ ವಾಹನದ ಹೊರೆಯೆಲ್ಲ ಹೊಸದರ ಮೇಲೆ. ಕಾಳಿ ದಂಡೆಗುಂಟ ಕದ್ರಾ ಕಡೆ ಹೋಗುವ ರಸ್ತೆ ಇವೆರಡಕ್ಕಿಂತ ವಾಸಿ. 10.55 ಕಿ.ಮೀ. ಹೋಗಿ ತಿರುಗಿದರೆ ಹಾಫ್. ಎದುರಿನಿಂದ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ಬೆಳಕಾಗುವ ಮುಂಚೆ ಹೊಳೆಯುವ ಪಟ್ಟಿಯ ಜಾಕೆಟ್ ಮತ್ತು ಹಣೆಗೆ ಟಾರ್ಚ್ ಇರಲಿ. ಹೆಡ್‌ಫೋನ್ ಮನೆಯಲ್ಲಿರಲಿ.

ಬೀಚ್ ಮೇಲೆ ಹಾಫ್ ಓಡಬಹುದೇ?

ಟಾಗೋರ್ ಬೀಚ್‌ನಲ್ಲಿ ಬೆಳಗಿನ 6–8 ಕಿ.ಮೀ. ಆರಾಮದ ಓಟಕ್ಕೆ ಸ್ವರ್ಗ. ಹಾಫ್‌ಗೆ ಬೇಡ. ನಿಂತು ನೋಡಿದರೆ ಗೊತ್ತಾಗುತ್ತದೆ, ಮರಳು ಸಮುದ್ರದ ಕಡೆ ಇಳಿಜಾರಾಗಿದೆ. ಓಡುವಾಗ ನೀರಿನ ಬದಿಯ ಕಾಲು ಪ್ರತಿ ಹೆಜ್ಜೆಗೂ ಒಂದೆರಡು ಬೆರಳಷ್ಟು ಕೆಳಗೆ ಬೀಳುತ್ತದೆ, ಗುಡ್ಡದ ಬದಿಯ ಪಾದ ಒಳಕ್ಕೆ ವಾಲುತ್ತದೆ, ಸೊಂಟ ಅದನ್ನು ಸರಿದೂಗಿಸುತ್ತ ಹೋಗುತ್ತದೆ. ತಿರುಗಿ ಬರುವಾಗ ಕಾಲು ಅದಲುಬದಲಾಗುತ್ತದೆ ನಿಜ, ಆದರೆ ಆ ಹೊತ್ತಿಗೆ ಮಂಡಿಯ ಹೊರಬದಿಯ ಪಟ್ಟಿ ಉರಿಯಲು ಶುರುವಾಗಿದ್ದರೆ ಅದೇನೂ ಸಮಾಧಾನವಲ್ಲ. ಒಣಮರಳಿನಲ್ಲಿ ಹಿಮ್ಮಡಿ ಹೂತು ಹಿಂಗಾಲಿನ ನರ ಎಳೆಯುತ್ತದೆ.

ಓಡುವ ದಿನ ಇಳಿತ ನೋಡಿ ಹೋಗಿ. ಇಳಿತದ ಆಚೀಚೆ ಒಂದೊಂದು ಗಂಟೆ ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿ, ಸಮತಟ್ಟು ಜಾಗವೂ ಹೆಚ್ಚು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಈ ಭಾನುವಾರ ಬೆಳಿಗ್ಗೆ 6ಕ್ಕೆ ಇಳಿತ ಸಿಕ್ಕಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ನೀರು ಮೇಲೆ ಏರಿರುತ್ತದೆ.

ಶಿರಸಿ, ಸಿದ್ದಾಪುರದ ಏರಿಳಿತದಲ್ಲಿ ಪೇಸ್ ಹಿಡಿಯುವುದೇ ಆಗುವುದಿಲ್ಲ. ಏನು ಮಾಡುವುದು?

ವಾಚ್ ಬಿಟ್ಟು ಉಸಿರು ಹಿಡಿಯಿರಿ. ಫುಲ್ ಪೇಸ್‌ನಲ್ಲಿ ಒಂದು ಪುಟ್ಟ ವಾಕ್ಯ ಹೇಳಲು ಬರಬೇಕು, ಕಥೆ ಹೇಳಲು ಬರಬಾರದು. ಏರಿನಲ್ಲೂ ಅಷ್ಟೇ ಉಸಿರು ಇರುವಂತೆ ಹೆಜ್ಜೆ ಚಿಕ್ಕದು ಮಾಡಿ. ಇಳುಕಲಿನಲ್ಲಿ ಕಳೆದದ್ದೆಲ್ಲ ವಾಪಸ್ ಪಡೆಯುವ ಆಸೆ ಬೇಡ. 600 ಮೀಟರ್ ಆಸುಪಾಸಿನ ಎತ್ತರದಿಂದ ಉಸಿರಿಗೆ ಲೆಕ್ಕಕ್ಕೆ ಬರುವಂಥ ತೊಂದರೆ ಏನಿಲ್ಲ. ತೊಂದರೆ ಕೊಡುವುದು ದಿಬ್ಬಗಳೇ.

ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಗೆ ಹಾಫ್ ಓಡಿದರೆ ಸಮಯ ಚೆನ್ನಾಗಿ ಬರುತ್ತದೆ ಎಂದು ಕೆಲವರು ಹೊಂಚು ಹಾಕುತ್ತಾರೆ. ಸಮಯವೇನೋ ಬರುತ್ತದೆ. ಆದರೆ ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಎಳೆಗಳು ಸಣ್ಣಸಣ್ಣಗೆ ಹರಿಯುತ್ತವೆ. ನೋವು ಅಂದು ಗೊತ್ತಾಗುವುದಿಲ್ಲ. ಎರಡನೇ ದಿನ ಜಗಲಿಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಮೇಲಾಗಿ ತಿರುವಿನಲ್ಲಿ ಲಾರಿಯವರಿಗೆ ನೀವು ಕಾಣುವುದಿಲ್ಲ. ಘಟ್ಟ ಬೇಕೆಂದರೆ ತಿಂಗಳಿಗೊಮ್ಮೆ 4–5 ಕಿ.ಮೀ. ಹತ್ತಿ, ಗಾಡಿಯಲ್ಲಿ ಇಳಿಯಿರಿ. ಮುಂಬೈಯಲ್ಲಿ ಕಾಲು ಸೋತ ಹೊತ್ತಿಗೇ ಪೆಡ್ಡರ್ ರೋಡ್ ಏರು ಬರುತ್ತದೆ, ಹತ್ತಿದ ಅಭ್ಯಾಸ ಆಗ ಕೈಹಿಡಿಯುತ್ತದೆ.

ಕರಾವಳಿಯ ಸೆಕೆಯಲ್ಲಿ ಪೇಸ್ ಎಷ್ಟು ಇಳಿಸಬೇಕು?

ಥರ್ಮಾಮೀಟರ್ 25 ತೋರಿಸಿದರೂ ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುರಿದು ಹೋಗುತ್ತದೆ. ಆರದ ಬೆವರು ಮೈ ತಣಿಸುವುದಿಲ್ಲ. ರಕ್ತ ಚರ್ಮದ ಕಡೆಗೂ ಹರಿಯಬೇಕು, ಕಾಲಿಗೂ ಹರಿಯಬೇಕು, ಹೃದಯ ಎರಡು ಕಡೆ ದುಡಿಯುತ್ತದೆ. ಅದಕ್ಕೇ ಅದೇ ಪೇಸ್‌ಗೆ ನಾಡಿ ಹತ್ತು ಹದಿನೈದು ಹೆಚ್ಚು ತೋರಿಸಿದರೆ ವಾಚ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಂಥ ದಿನ ನಾಡಿಯನ್ನು ಹಿಡಿದಿಟ್ಟು ಪೇಸ್ ಬಿಟ್ಟುಕೊಡಿ. ಐದಕ್ಕೆ ಹೊರಟರೆ ಬಿಸಿಲೇರುವ ಮೊದಲು ಮುಗಿಯುತ್ತದೆ. ಏಪ್ರಿಲ್–ಮೇನಲ್ಲಿ ಹಾಫ್ ಇಟ್ಟುಕೊಳ್ಳುವ ಯೋಚನೆಯನ್ನೇ ಕೈಬಿಡಿ.

ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಶಿರಸಿ, ಯಲ್ಲಾಪುರದವರು ಮುಂಬೈಗೋ ಗೋವಾಕ್ಕೋ ಹೋಗುವುದಾದರೆ ಕೊನೆಯ ತಿಂಗಳಲ್ಲಿ ಎರಡು ಮೂರು ಓಟಕ್ಕಾದರೂ ಕುಮಟಾಕ್ಕೆ ಇಳಿದು ಬನ್ನಿ. ಪೂರ್ತಿ ಒಗ್ಗದಿದ್ದರೂ ಎಷ್ಟು ಬೆವರುತ್ತೀರಿ ಎಂಬುದಾದರೂ ಗೊತ್ತಾಗುತ್ತದೆ.

ನೀರು ಎಷ್ಟು, ಉಪ್ಪು ಎಷ್ಟು?

ತಕ್ಕಡಿ ಹೇಳುತ್ತದೆ. ಒಂದು ಗಂಟೆ ಓಡುವ ಮುಂಚೆ ಮತ್ತು ನಂತರ, ಮೈ ಒರೆಸಿಕೊಂಡು, ಒದ್ದೆ ಬಟ್ಟೆ ಬಿಟ್ಟು ತೂಗಿ. 62.0 ಇದ್ದದ್ದು 61.1 ಆಗಿದ್ದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರು ಗಂಟೆಗೆ 1.4 ಲೀಟರ್. ಅಷ್ಟನ್ನೂ ಓಡುತ್ತ ಕುಡಿಯಲು ಹೊಟ್ಟೆ ಬಿಡುವುದಿಲ್ಲ, ಬೇಕಾಗಿಯೂ ಇಲ್ಲ. ಗಂಟೆಗೆ 400ರಿಂದ 800 ಮಿ.ಲೀ., ಗುಟುಕು ಗುಟುಕಾಗಿ. ಓಟದ ನಂತರ ತೂಕ ಹೆಚ್ಚಾಗಿದ್ದರೆ ಅದು ಅಪಾಯದ ಸೂಚನೆ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನಾಲ್ಕೈದು ಗಂಟೆ ರಸ್ತೆಯಲ್ಲಿರುವ ನಿಧಾನದ ಓಟಗಾರರಿಗೇ ಇದು ಹೆಚ್ಚು.

ಓಆರ್‌ಎಸ್ ತೆಗೆದುಕೊಳ್ಳುವುದಾದರೆ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವುದನ್ನೇ ನೋಡಿ. ದೊಡ್ಡ ಪೊಟ್ಟಣ, ಸುಮಾರು 21 ಗ್ರಾಂನದು, ಒಂದು ಲೀಟರ್‌ಗೆ. 4.2 ಗ್ರಾಂನ ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು "ಗಟ್ಟಿಯಾಗಿದ್ದರೆ ಒಳ್ಳೆಯದು" ಎನ್ನುವವರು 15ನೇ ಕಿ.ಮೀ.ನಲ್ಲಿ ಪೊದೆ ಹುಡುಕುತ್ತಾರೆ.

ಮುರುಗಲು ಪಾನಕ? ಓಟದ ನಂತರ, ಉಪ್ಪು ಹಾಕಿ, ಎಷ್ಟು ಬೇಕಾದರೂ. ಓಟದ ನಡುವೆ ಅದರ ಹುಳಿ ಕೆಲವರಿಗೆ ಎದೆಯುರಿ ತರುತ್ತದೆ. ಅಪ್ಪೆಹುಳಿಯೂ ಹಾಗೇ, ಊಟದ ಹೊತ್ತಿಗೆ ಇರಲಿ.

ತಿನ್ನುವುದೇನು? ಜೆಲ್ಲೇ ಬೇಕೇ?

ಫುಲ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಹಾಫ್‌ಗೆ ಅಷ್ಟು ಬೇಡದಿದ್ದರೂ ಫುಲ್‌ನಲ್ಲಿ ತಿನ್ನುವುದನ್ನೇ, ಅದೇ ಅಂತರದಲ್ಲಿ ತಿನ್ನಿ. ತಾಲೀಮು ಕೊಡಬೇಕಾದದ್ದು ಕರುಳಿಗೆ. ಓಟಗಾರರು ಹಿಂಡಿ ನುಂಗುವ ಸಕ್ಕರೆ ಪಾಕದ ಪೊಟ್ಟಣವೇ ಜೆಲ್, ಒಂದರಲ್ಲಿ ಸುಮಾರು 22–25 ಗ್ರಾಂ ಇರುತ್ತದೆ. 40 ನಿಮಿಷಕ್ಕೊಂದು, ಜೊತೆಗೆ ನಾಲ್ಕೈದು ಗುಟುಕು ನೀರು.

ಜೆಲ್ ಕೊಳ್ಳಲು ಮನಸ್ಸಿಲ್ಲದವರಿಗೆ ಜೋನಿ ಬೆಲ್ಲ ಇದ್ದೇ ಇದೆ. ದೊಡ್ಡ ಚಮಚ, ಅಂದರೆ 20 ಗ್ರಾಂ ಜೋನಿಯಲ್ಲಿ ಸುಮಾರು 14 ಗ್ರಾಂ ಸಕ್ಕರೆ. ಎರಡು ಪಾಲು ಜೋನಿಗೆ ಒಂದು ಪಾಲು ನೀರು, ಒಂದು ಚಿಟಿಕೆ ಉಪ್ಪು ಬೆರೆಸಿ, ಬಟ್ಟೆಯಲ್ಲಿ ಸೋಸಿ ಹಿಂಡುವ ಸಣ್ಣ ಬಾಟಲಿಗೆ ತುಂಬಿ. ಸೋಸದಿದ್ದರೆ ತಳದ ಹರಳು ಮೂತಿಗೆ ಕಟ್ಟಿಕೊಳ್ಳುತ್ತದೆ. ನೀರು ಬೆರೆಸಿದ ಮೇಲೆ ಹುಳಿಯುವುದರಿಂದ ಹಿಂದಿನ ರಾತ್ರಿ ಮಾಡಿ ಫ್ರಿಜ್‌ನಲ್ಲಿಡಿ, ಎರಡು ದಿನದ್ದು ಬೇಡ. ಅದೂ ಒಗ್ಗದಿದ್ದರೆ ಏಲಕ್ಕಿ ಬಾಳೆಹಣ್ಣು. ಆದರೆ ಜೋರಾಗಿ ಓಡುತ್ತ ಅಗಿಯುವುದು ಎಲ್ಲರಿಗೂ ಸಾಧ್ಯವಿಲ್ಲ.

ಬೆಳಗಿನ ತಿಂಡಿ ಓಟಕ್ಕೆ ಎರಡೂವರೆ ಗಂಟೆ ಮೊದಲು. ನಾಲ್ಕೈದು ತೆಳ್ಳೇವಿಗೆ ಜೋನಿ ಬೆಲ್ಲ, ಅಥವಾ ಒಂದು ಬಟ್ಟಲು ಗಂಜಿಗೆ ಉಪ್ಪು. ತುಪ್ಪ, ಕಾಯಿಚಟ್ನಿ ಅಂದಿನ ಮಟ್ಟಿಗೆ ಬೇಡ, ಕೊಬ್ಬು ಹೊಟ್ಟೆಯಿಂದ ನಿಧಾನ ಇಳಿಯುತ್ತದೆ. ಹಿಂದಿನ ರಾತ್ರಿ ಅನ್ನ ಜಾಸ್ತಿ, ಖಾರ ಮತ್ತು ಸೊಪ್ಪು ಕಡಿಮೆ. ಬಂಗಡೆ ಮಸಾಲೆ ಫ್ರೈ ಓಟದ ಮಧ್ಯಾಹ್ನಕ್ಕೆ ಕಾದಿರಲಿ.

ಚಹಾ ಕುಡಿಯಬಹುದೇ?

ದಿನಾ ಕುಡಿಯುವವರು ಅಂದೂ ಕುಡಿಯಿರಿ, ಓಟಕ್ಕೆ ಮುಕ್ಕಾಲು ಗಂಟೆ ಮೊದಲು. ಜೀರಿಗೆ–ಕೊತ್ತಂಬರಿ ಕಷಾಯ ಕುಡಿದು "ಕಾಫಿಯಷ್ಟೇ ಚುರುಕು" ಎನ್ನುವವರಿಗೆ ಒಂದು ಮಾತು, ಅದರಲ್ಲಿ ಕೆಫೀನ್ ಇಲ್ಲ.

ಮಳೆಗಾಲದ ತಯಾರಿಯಲ್ಲಿ ಏನೇನು ಕೆಡುತ್ತದೆ?

ಮೊದಲು ಚರ್ಮ. ಒದ್ದೆ ಬಟ್ಟೆ ಉಜ್ಜುವ ಜಾಗಗಳಾದ ಕಂಕುಳು, ತೊಡೆಸಂದಿ, ಗಂಡಸರಿಗೆ ಮೊಲೆತೊಟ್ಟು, ಹೆಂಗಸರಿಗೆ ಬ್ರಾ ಪಟ್ಟಿಯ ಅಂಚು, ಇಲ್ಲೆಲ್ಲ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ. ಕೊಬ್ಬರಿ ಎಣ್ಣೆ ಮಳೆಗೆ ಅರ್ಧ ಗಂಟೆಯಲ್ಲೇ ತೊಳೆದು ಹೋಗುತ್ತದೆ. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಮಳೆಯಲ್ಲಿ ಶತ್ರು.

ಆಮೇಲೆ ಶೂ. ಒದ್ದೆಯಾದದ್ದರ ಒಳಚಾಪೆ ತೆಗೆದು, ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನ ಕೆಳಗಿಡಿ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಅಂಟು ಬಿಟ್ಟು ತಳ ಕಿತ್ತುಬರುತ್ತದೆ. ಎರಡು ಜೊತೆ ಇದ್ದರೆ ಜೂನ್–ಸೆಪ್ಟೆಂಬರ್ ಸುಸೂತ್ರ.

ಕೊನೆಯದು ದಾರಿ. ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ ಜೋರು ಮಳೆಯಲ್ಲಿ ಓಡಬೇಡಿ. 2024ರ ಜುಲೈನಲ್ಲಿ ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಜಾರಿದ್ದು ಹೆದ್ದಾರಿಯ ಮೇಲೇ. ಸಿಡಿಲಿನ ದಿನ ಮೈದಾನವೂ ಬೇಡ, ಬೀಚೂ ಬೇಡ. ಅಂದಿನ ಲಾಂಗ್ ರನ್ ತಪ್ಪಿದರೆ ಒಂದೆರಡು ದಿನ ಬಿಟ್ಟು ಮಾಡಿ, ಎರಡನ್ನು ಒಂದೇ ವಾರಕ್ಕೆ ತುಂಬಬೇಡಿ.

ಕಾಡುದಾರಿಯಲ್ಲಿ ಉಂಬಳ, ಉಣುಗು?

ಉಂಬಳ ಅಸಹ್ಯವೇ ಹೊರತು ಅಪಾಯವಲ್ಲ. ಕಾಲುಚೀಲಕ್ಕೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸವರಿ. ಉಣುಗಿನ ಮಾತು ಬೇರೆ. ಸಿದ್ದಾಪುರ ಸುತ್ತಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಅದೂ ಡಿಸೆಂಬರ್‌ನಿಂದ ಮೇವರೆಗೆ, ಓಟಕ್ಕೆ ಹವೆ ಚೆನ್ನಾಗಿರುವ ತಿಂಗಳುಗಳಲ್ಲೇ. ಆ ಕಾಲದಲ್ಲಿ ಡಾಂಬರು ರಸ್ತೆ ಬಿಟ್ಟು ಇಳಿಯಬೇಡಿ, ದರಕಿನ ಮೇಲೆ ಕೂತು ಸ್ಟ್ರೆಚ್ ಮಾಡಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡ ದಾರಿ ಆ ವರ್ಷ ಬೇಡ. ಜ್ವರ ಬಂದರೆ ಓಟದ ಆಯಾಸ ಎಂದು ತಳ್ಳಿಹಾಕದೆ ಆಸ್ಪತ್ರೆಯಲ್ಲಿ ಕಾಡಿಗೆ ಹೋಗಿದ್ದನ್ನು ಹೇಳಿ.

ವಾಚ್ 21.4 ತೋರಿಸಿತು. ದಾರಿ ತಪ್ಪಾಗಿ ಅಳೆದಿದ್ದಾರೆಯೇ?

ಬಹುತೇಕ ಇಲ್ಲ. ಪ್ರಮಾಣೀಕೃತ ದಾರಿಯನ್ನು ತಿರುವಿನ ಒಳಅಂಚಿನಲ್ಲಿ, ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದರಷ್ಟು ಹೆಚ್ಚಿಗೇ ಇಡುತ್ತಾರೆ. ನೀವು ಜನರನ್ನು ಬಳಸಿ, ನೀರಿನ ಮೇಜಿಗೆ ಹೊರಳಿ, ತಿರುವಿನ ಹೊರಗಿನಿಂದ ಓಡಿರುತ್ತೀರಿ. ಉಳಿದದ್ದು ಮರ, ಕಟ್ಟಡಗಳ ನಡುವೆ ಜಿಪಿಎಸ್ ಮಾಡುವ ತಪ್ಪು.

ಪೆಟ್ಟು ಬೀಳುವುದು ಫುಲ್‌ನಲ್ಲಿ. ವಾಚ್ 6:15 ತೋರಿಸುತ್ತಿದೆ ಎಂದು ಸಮಾಧಾನವಾಗಿ ಓಡಿದವರು ವಾಚಿನ 42.8 ಮುಗಿಸುವಾಗ ಗುರಿಗಿಂತ ಮೂರೂಮುಕ್ಕಾಲು ನಿಮಿಷ ತಡ. ವಾಚಿನಲ್ಲಿ 6:10 ಹಿಡಿಯಿರಿ, ಅಥವಾ ವಾಚ್ ತಾನೇ ಕಿ.ಮೀ. ಗುರುತಿಸುವ ಆಟೊಲ್ಯಾಪ್ ನಿಲ್ಲಿಸಿ ಪ್ರತಿ ಕಿ.ಮೀ. ಫಲಕದ ಬಳಿ ಲ್ಯಾಪ್ ಗುಂಡಿಯನ್ನು ಕೈಯಿಂದ ಒತ್ತಿ. ಇದನ್ನು ಹಾಫ್‌ನಲ್ಲೇ ರೂಢಿಮಾಡಿಕೊಳ್ಳಿ.

ಯಾವ ಶೂ?

ಫುಲ್‌ಗೆ ಹಾಕುವುದನ್ನೇ. ಹಾಫ್‌ಗೆ ಮೊದಲು ಅದರಲ್ಲಿ 50 ಕಿ.ಮೀ. ಆಗಿರಲಿ. ಹೆಬ್ಬೆರಳ ಮುಂದೆ ಅರ್ಧ ಹೆಬ್ಬೆಟ್ಟಿನಷ್ಟು ಜಾಗ ಬೇಕು, ಎರಡು ಗಂಟೆಯ ಮೇಲೆ ಪಾದ ಊದುತ್ತದೆ. ಉಗುರು ಕಪ್ಪಾದರೆ ಜಾಗ ಸಾಲಲಿಲ್ಲ ಎಂದರ್ಥ. 500–800 ಕಿ.ಮೀ. ದಾಟಿದ ಶೂ ತೋಟಕ್ಕೆ.

ನೋವಿನ ಮಾತ್ರೆ ನುಂಗಿ ಓಡಿದರೆ?

ಬೇಡ. ಐಬುಪ್ರೊಫೆನ್ ಜಾತಿಯವು ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಮಾತ್ರೆ ಇಲ್ಲದೆ ಓಡಲಾಗದ ನೋವಿದ್ದರೆ ಆ ಹಾಫ್ ನಿಮಗಲ್ಲ.

ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಓಡಬಹುದೇ?

ಹಾಫ್‌ಗೆ ಹೇಗೋ ದಾಟಬಹುದು, ಫುಲ್‌ಗೆ ಖಂಡಿತ ಬೇಡ. ಕಾರವಾರದಿಂದ ಮುಂಬೈಗೆ ಮತ್ಸ್ಯಗಂಧ ಹತ್ತುವವರು ಓಟಕ್ಕೆ ಎರಡು ರಾತ್ರಿ ಮೊದಲೇ ಹತ್ತಿ. ಶಿರಸಿಗೆ ರೈಲಿಲ್ಲ. ಕುಮಟಾಕ್ಕೋ ಹುಬ್ಬಳ್ಳಿಗೋ ಹೋಗುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ತಿಂಡಿ ಕಟ್ಟಿಕೊಂಡೇ ಹೋಗಿ, ಬೆಳಗಿನ ಮೂರಕ್ಕೆ ಯಾವ ಹೋಟೆಲೂ ಗಂಜಿ ಕೊಡದು.

ಹಾಫ್ ಮುಗಿದ ಮೇಲಿನ ಐದು ವಾರ ಹೇಗೆ?

ಪೂರ್ಣ ದಮ್ಮಿನ ಹಾಫ್ ಆಗಿದ್ದರೆ ಮೊದಲ ಎರಡು ದಿನ ನಡಿಗೆ ಮಾತ್ರ, ಆಮೇಲೆ 5–6 ಕಿ.ಮೀ. ಆರಾಮದ ಓಟ. ಮೊದಲ ಭಾನುವಾರ 18–20 ನಿಧಾನ. ಎರಡನೇ ಭಾನುವಾರ ಇಡೀ ತಯಾರಿಯ ದೊಡ್ಡ ದಿನ: 32 ಕಿ.ಮೀ., ಅದರಲ್ಲಿ ಕೊನೆಯ 10–12 ಫುಲ್ ಪೇಸ್‌ನಲ್ಲಿ. ಹಾಫ್ ಹೇಳದೆ ಬಿಟ್ಟದ್ದನ್ನು ಈ ಓಟ ಹೇಳುತ್ತದೆ, ಆದ್ದರಿಂದ ಮದುವೆ, ಮುಂಜಿ, ಗದ್ದೆಕೆಲಸ ಏನಿದ್ದರೂ ಇದನ್ನು ತಪ್ಪಿಸಬೇಡಿ. ಮೂರನೇ ಭಾನುವಾರ 22–24, ನಾಲ್ಕನೇ ಭಾನುವಾರ 12–14. ಐದನೆಯದೇ ಫುಲ್. ಕೊನೆಯ ಎರಡು ವಾರ ದೂರ ಇಳಿಸಿ, ಓಡುವ ದಿನಗಳನ್ನು ಇಳಿಸಬೇಡಿ. ಕಾಲು ಚಡಪಡಿಸುತ್ತದೆ, ಇಲ್ಲದ ನೋವುಗಳು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಔಷಧ ಹುಡುಕಬೇಡಿ.

ಹಾಫ್ ಕೆಟ್ಟುಹೋಯಿತು. ಫುಲ್ ಕೈಬಿಡಬೇಕೇ?

ಏನು ಕೆಟ್ಟಿತು ನೋಡಿ. ಹೊಟ್ಟೆ ಕೆಟ್ಟಿದ್ದರೆ ತಿಂಡಿ ಬದಲಿಸಲು ಇನ್ನೂ ಮೂರು ಲಾಂಗ್ ರನ್ ಇವೆ. ಸೆಕೆಯ ದಿನವಾಗಿದ್ದರೆ ಅಂದಿನ ನಾಡಿ ನೋಡಿ. ಅದು ಎಂದಿನಷ್ಟೇ ಇದ್ದು ಪೇಸ್ ಮಾತ್ರ ಬಿದ್ದಿದ್ದರೆ ಗಾಬರಿ ಬೇಡ. ಮೊದಲ 5 ಕಿ.ಮೀ. ಜೋರಾಗಿ ಹೋಗಿ ಸೋತಿದ್ದರೆ ಅದು ತಲೆಯ ತಪ್ಪು, ಎರಡನೇ ಭಾನುವಾರದ 32ರಲ್ಲಿ ತಿದ್ದಿಕೊಳ್ಳಿ. ಮಂಡಿಯದೋ ಮೊಣಕಾಲ ಕೆಳಗಿನ ಎಲುಬಿನದೋ ನೋವು ಹತ್ತು ದಿನವಾದರೂ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂತೆ ಇದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಹೆಚ್ಚುತ್ತಿದ್ದರೆ, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಶುರುವಿನ ಎಲುಬಿನ ಬಿರುಕು ಸಾದಾ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಹಾಗಾಗಿ "ಎಕ್ಸ್‌ರೇ ಚೆನ್ನಾಗಿದೆ" ಎಂದ ಮಾತ್ರಕ್ಕೆ ಮರುದಿನವೇ ಶೂ ಕಟ್ಟಬೇಡಿ.